ತಟ್ಟಿದರೆ ಹಾಡುತ್ತಿದ್ದ ಆಂಪ್ಲಿಫೈಯರ್: ಒಂದು ಇಸಿಸಿ83 ರಿಪೇರಿ ಕತೆ

ಮಾವ ಮೈಕ್ ಸೆಟ್ ಬಾಡಿಗೆಗೆ ಕೊಡುವುದನ್ನು ಬಿಟ್ಟು ಮೂವತ್ತು ವರ್ಷದ ಮೇಲಾಯಿತು. ಹಾರ್ನ್‌ಗಳು ಗುಜರಿಗೆ ಹೋದವು, ವೈರು ಬಟ್ಟೆ ಒಣಹಾಕುವ ಹಗ್ಗವಾಯಿತು, ಆಂಪ್ಲಿಫೈಯರ್ ಮಾತ್ರ ಅಟ್ಟದ ಮೇಲೆ ಉಳಿದುಕೊಂಡಿತ್ತು. ವಾಲ್ವುಗಳೆಂಬ ಗಾಜಿನ ಕೊಳವೆಗಳಿಂದ ದನಿ ಹೆಚ್ಚಿಸುವ ಹಳೆಯ ಪೆಟ್ಟಿಗೆ ಅದು. ಕಳೆದ ದೀಪಾವಳಿಗೆ ಅರಸೀಕೆರೆಗೆ ಹೋದಾಗ ಅದನ್ನು ಇಳಿಸಿಕೊಳ್ಳಲಾ ಅಂತ ಕೇಳಿದೆ.

‘ಅದರ ವಾಲ್ವು ಹೋಗಿದೆ ಕಣೋ. ತಗೊಂಡು ಏನ್ ಮಾಡ್ತೀಯ?’

‘ನೋಡ್ತೀನಿ ಬಿಡಿ ಮಾವ. ಯಾವ ವಾಲ್ವು ಹೋಗಿದೆ ಅಂತ ಗೊತ್ತಾ?’

‘ಚಿಕ್ಕವು ಎರಡೂ. ರಿಪೇರಿಯವನು ಹಂಗಂದ. ದೊಡ್ಡವು ಚೆನ್ನಾಗಿವೆಯಂತೆ.’

ಜೊತೆಗೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯನ್ನೂ ಕೊಟ್ಟರು. ಒಳಗೆ ನ್ಯೂಸ್ ಪೇಪರಿನಲ್ಲಿ ಸುತ್ತಿದ ಏಳೆಂಟು ವಾಲ್ವು. ಹೆಚ್ಚಿನವುಗಳ ಮೇಲಿನ ಹೆಸರು ಅಳಿಸಿಹೋಗಿತ್ತು. ಎರಡನ್ನೂ ಗೋಣಿಚೀಲದಲ್ಲಿ ಕಟ್ಟಿಕೊಂಡು ಬೆಂಗಳೂರಿನ ಟ್ರೈನ್ ಹತ್ತಿದೆ.

ಮುಂದಿನ ನಾಲ್ಕು ವಾರಾಂತ್ಯ ಇದರಲ್ಲೇ ಕಳೆದವು. ಟಿಪ್ಪಣಿ ಪುಸ್ತಕದಲ್ಲಿ ಗೀಚಿಕೊಂಡಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲ ಶನಿವಾರ: ತೆರೆದು ನೋಡಿದ್ದು

ತಳದ ತಗಡು ತೆಗೆದರೆ ಜೇಡರ ಬಲೆ, ಒಂದು ಸತ್ತ ಹಲ್ಲಿ, ಅದರ ಹಿಂದೆ ತುಂಬ ಅಚ್ಚುಕಟ್ಟಾದ ಕೈಕೆಲಸ. ಯಾರೋ ಸ್ಥಳೀಯವಾಗಿ ಜೋಡಿಸಿದ ಪೆಟ್ಟಿಗೆ, ಕಂಪನಿಯ ಹೆಸರಿಲ್ಲ. ಇರುವುದು ಐದೇ ವಾಲ್ವು. ಎಸಿಯನ್ನು ಡಿಸಿ ಮಾಡಲು ಒಂದು ಇಝಡ್81, ಸ್ಪೀಕರ್ ನೂಕಲು ಒಂದು ಜೋಡಿ ಇಎಲ್84, ಅವುಗಳ ಹಿಂದೆ ಎರಡು ಇಸಿಸಿ83. ಇಎಲ್84ಗಳ ಮೇಲೆ ಬಿಇಎಲ್ ಗುರುತು ಇನ್ನೂ ಓದಲು ಬರುತ್ತಿತ್ತು. ಅಂದರೆ ಅವು ನಮ್ಮ ಜಾಲಹಳ್ಳಿಯಲ್ಲೇ ಹುಟ್ಟಿದವು; 1961ರಿಂದ ಬಿಇಎಲ್ ಅಲ್ಲಿ ರೇಡಿಯೊ ವಾಲ್ವುಗಳನ್ನು ಮಾಡುತ್ತಿತ್ತು. ನಾನು ಇರುವುದು ಯಶವಂತಪುರದಲ್ಲಿ. ಊರೂರು ಜಾತ್ರೆ ಸುತ್ತಿ ಹುಟ್ಟಿದ ಜಾಗದ ಹತ್ತಿರಕ್ಕೇ ವಾಪಸು ಬಂದಿವೆ.

‘ಹೋಗಿದೆ’ ಅನ್ನಿಸಿಕೊಂಡ ಚಿಕ್ಕ ವಾಲ್ವುಗಳೇ ಇಸಿಸಿ83. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನೆಯ ಗಾಜಿನ ಕೊಳವೆ, ಕೆಳಗೆ ಒಂಬತ್ತು ಕಾಲು, ನೆತ್ತಿಯ ಮೇಲೆ ಬೆಳ್ಳಿಯ ಬಣ್ಣದ ಕಲೆ. ಮೊದಲು ನೋಡಬೇಕಾದದ್ದು ಆ ಕಲೆಯನ್ನು. ಅದು ಬೇರಿಯಂ ಲೇಪ. ಒಳಗೆ ಉಳಿದ ಚೂರುಪಾರು ಗಾಳಿಯನ್ನು ಹೀರಿಕೊಳ್ಳಲೆಂದೇ ಹಾಕಿರುತ್ತಾರೆ. ಗಾಜು ಬಿರುಕು ಬಿಟ್ಟು ಗಾಳಿ ನುಗ್ಗಿದರೆ ಕಲೆ ಸುಣ್ಣದ ಹಾಗೆ ಬೆಳ್ಳಗಾಗುತ್ತದೆ. ನಮ್ಮ ಎರಡರಲ್ಲೂ ಕನ್ನಡಿಯಂತೆ ಹೊಳೆಯುತ್ತಿತ್ತು. ಆಗಲೇ ರಿಪೇರಿಯವನ ತೀರ್ಪಿನ ಮೇಲೆ ಅನುಮಾನ ಶುರುವಾಯಿತು. ಗಾಜಿನ ತಳದಲ್ಲಿ ವಜ್ರಾಕಾರದ ಗುರುತಿದ್ದರೆ ಅದು ಟೆಲಿಫಂಕನ್, ಕೈತುಂಬ ದುಡ್ಡು ಅಂತಾರಲ್ಲ, ನಾನೂ ತಿರುಗಿಸಿ ನೋಡಿದೆ. ಇರಲಿಲ್ಲ.

ಹೆಸರಿನ ಅರ್ಥ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಅದೇ ಕೈಹಿಡಿಯಿತು. ಯುರೋಪಿನ ಲೆಕ್ಕದಲ್ಲಿ ‘ಇ’ ಅಂದರೆ 6.3 ವೋಲ್ಟಿನ ಹೀಟರ್, ವಾಲ್ವನ್ನು ಒಳಗಿನಿಂದ ಕಾಯಿಸುವ ತಂತಿ. ‘ಸಿ’ ಅಂದರೆ ಟ್ರಯೋಡ್, ಅಂದರೆ ಕ್ಯಾಥೋಡ್, ಗ್ರಿಡ್, ಪ್ಲೇಟ್ ಅನ್ನುವ ಮೂರರ ಒಂದು ಕಟ್ಟು. ಎರಡು ‘ಸಿ’ ಇದ್ದರೆ ಒಂದೇ ಗಾಜಿನೊಳಗೆ ಎರಡು ಟ್ರಯೋಡ್. ‘8’ ಅಂದರೆ ಒಂಬತ್ತು ಕಾಲಿನ ಬುಡ, ‘3’ ಸರದಿ ಸಂಖ್ಯೆ. ಇದೇ ವಾಲ್ವು ಅಮೆರಿಕದಲ್ಲಿ 12ಎಎಕ್ಸ್7. 1947ರಲ್ಲಿ ಆರ್‌ಸಿಎ ಹೊರತಂದದ್ದು. ಅಲ್ಲಿ ‘12’ ಅಂದರೆ 12.6 ವೋಲ್ಟಿನ ಹೀಟರ್. ಒಂದೇ ವಾಲ್ವಿಗೆ ಅವರು 12 ಅನ್ನುತ್ತಾರೆ, ಇವರು 6 ಅನ್ನುತ್ತಾರೆ, ಇಬ್ಬರ ಮಾತೂ ನಿಜ. ಹೀಟರಿನ ಎರಡು ಕೊನೆಗಳು 4 ಮತ್ತು 5ನೇ ಕಾಲಿಗೆ ಬರುತ್ತವೆ, ನಡುಮಧ್ಯ 9ನೇ ಕಾಲಿಗೆ. 4ರಿಂದ 5ಕ್ಕೆ ಕೊಟ್ಟರೆ 12.6 ವೋಲ್ಟು, 150 ಮಿಲಿ ಆಂಪಿಯರ್. 4 ಮತ್ತು 5ನ್ನು ಒಟ್ಟಿಗೆ ಸೇರಿಸಿ ಅಲ್ಲಿಂದ 9ಕ್ಕೆ ಕೊಟ್ಟರೆ 6.3 ವೋಲ್ಟು, 300 ಮಿಲಿ ಆಂಪಿಯರ್. ಒಂದು ತಟ್ಟೆ ಊಟವನ್ನು ಇಬ್ಬರು ಹಂಚಿಕೊಂಡಂತೆ, ಅರ್ಧರ್ಧ ಹೀಟರು ಒಂದೊಂದು ಟ್ರಯೋಡಿಗೆ.

ಕೆಲಸವೂ ಸರಳವೇ. ಬಿಸಿಯಾದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳು ಪ್ಲೇಟಿನ ಕಡೆ ಓಡುತ್ತವೆ, ದಾರಿಯಲ್ಲಿ ಜಾಲರಿಯಂಥ ಗ್ರಿಡ್. ಗ್ರಿಡ್ಡಿನ ಮೇಲೆ ಮೈಕಿನ ಚಿಟಿಕೆಯಷ್ಟು ವೋಲ್ಟೇಜ್ ಅಲುಗಿದರೆ ಪ್ಲೇಟಿನಲ್ಲಿ ಹಿಡಿಯಷ್ಟು ಅಲುಗುತ್ತದೆ. ಇಸಿಸಿ83ರ ಆಂಪ್ಲಿಫಿಕೇಶನ್ ಫ್ಯಾಕ್ಟರ್ 100. ಅದರ ದಾಯಾದಿ ಇಸಿಸಿ81ಕ್ಕೆ 60, ಇಸಿಸಿ82ಕ್ಕೆ 20ರ ಹತ್ತಿರ. ನೋಡಲು ಮೂರೂ ಒಂದೇ, ಕಾಲುಗಳ ಜೋಡಣೆಯೂ ಒಂದೇ.

ಕರೆಂಟು ಕೊಡುವ ಮೊದಲು

ಹಳೆಯ ವಾಲ್ವ್ ಸೆಟ್ಟನ್ನು ತಂದ ದಿನವೇ ಪ್ಲಗ್ಗಿಗೆ ಚುಚ್ಚುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ನಾನೂ ಒಂದು ಸಲ ಹಾಗೆ ಮಾಡಿ ಟ್ರಾನ್ಸ್‌ಫಾರ್ಮರ್ ಸುಟ್ಟುಕೊಂಡಿದ್ದೇನೆ, ಕೋಪ ಅದಕ್ಕೇ ಇರಬಹುದು.

ಇದಕ್ಕೆ ಎರಡು ಪಿನ್ನಿನ ವೈರಿತ್ತು, ಅರ್ಥಿಂಗ್ ಇಲ್ಲ. ಮೂರು ಪಿನ್ನಿನದು ಹಾಕಿ ಅರ್ಥನ್ನು ಚಾಸಿಗೆ (ತಗಡಿನ ಚೌಕಟ್ಟಿಗೆ) ಬೋಲ್ಟ್ ಮಾಡಿದೆ, 1 ಆಂಪಿಯರ್ ಫ್ಯೂಸ್ ಸೇರಿಸಿದೆ. ಟ್ರಾನ್ಸ್‌ಫಾರ್ಮರಿನಲ್ಲಿ 220, 230, 240 ವೋಲ್ಟಿಗೆ ಒಂದೊಂದರಂತೆ ಮೂರು ಟ್ಯಾಪ್ (ವೈರು ಕಟ್ಟುವ ತುದಿ) ಇದ್ದರೂ ವೈರು 220ರಲ್ಲಿ ಕೂತಿತ್ತು. ಆ ಕಾಲದ ಹಳ್ಳಿಯ ಕರೆಂಟಿಗೆ ಅದು ಸರಿ. ಜಾತ್ರೆ ದಿನ ಬಲ್ಬುಗಳು ಕೆಂಡದ ಹಾಗೆ ಉರಿಯುತ್ತಿದ್ದದ್ದು ನನಗೇ ನೆನಪಿದೆ. ನಮ್ಮ ಮನೆಯ ಗೋಡೆಯಲ್ಲಿ ಈಗ 241 ಬರುತ್ತಿದೆ. 220ರಲ್ಲೇ ಬಿಟ್ಟಿದ್ದರೆ ಹೀಟರಿಗೆ 6.3ರ ಬದಲು 6.9 ವೋಲ್ಟು ಹೋಗುತ್ತಿತ್ತು, ಅದು ಸಹಿಸಬಹುದಾದ ಅಂಚು. ಟ್ಯಾಪನ್ನು 240ಕ್ಕೆ ಬದಲಿಸಿದೆ.

ಆಮೇಲೆ ಸೀರೀಸ್ ಬಲ್ಬು. ಕರೆಂಟು ಈ ಬಲ್ಬನ್ನು ದಾಟಿಯೇ ಆಂಪ್ಲಿಫೈಯರಿಗೆ ಹೋಗುತ್ತದೆ; ಒಳಗೆ ಶಾರ್ಟ್ ಇದ್ದರೆ ಬಲ್ಬು ಜೋರಾಗಿ ಉರಿದು ಹೇಳಿಬಿಡುತ್ತದೆ. 100 ವ್ಯಾಟಿನ ಹಳೆಯ ದಾರದ ಬಲ್ಬೊಂದನ್ನು ಇದಕ್ಕೆಂದೇ ಜೋಪಾನ ಮಾಡಿಟ್ಟಿದ್ದೇನೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬರುವುದಿಲ್ಲ. ಇಝಡ್81 ತೆಗೆದಿಟ್ಟು ಆನ್ ಮಾಡಿದೆ: ಬಲ್ಬು ಒಮ್ಮೆ ಮಿನುಗಿ ಮಂಕಾಯಿತು. ಟ್ರಾನ್ಸ್‌ಫಾರ್ಮರ್ ಚೆನ್ನಾಗಿದೆ. ಇಝಡ್81 ಹಾಕಿ ಆನ್ ಮಾಡಿದೆ: ಅರ್ಧ ನಿಮಿಷದಲ್ಲಿ ಬಲ್ಬು ಧಗಧಗ. ತಕ್ಷಣ ಆಫ್.

ಅಪರಾಧಿಯನ್ನು ಹುಡುಕಬೇಕಿರಲಿಲ್ಲ. 32+32 ಮೈಕ್ರೋಫ್ಯಾರಡಿನ ಅಲ್ಯೂಮಿನಿಯಂ ಡಬ್ಬಿ ಕಂಡೆನ್ಸರ್ ಕೆಳಗೆ ಕಂದು ಅಂಟು ಸುರಿಸಿಕೊಂಡು ಕೂತಿತ್ತು. ಚೆಂದಕ್ಕೆ ಡಬ್ಬಿಯನ್ನು ಮೇಲೆ ಹಾಗೇ ಬಿಟ್ಟು, ಅದರ ವೈರುಗಳನ್ನೆಲ್ಲ ಕಿತ್ತು, ಚಾಸಿಯ ಒಳಗಡೆ 33 ಮೈಕ್ರೋಫ್ಯಾರಡ್ 450 ವೋಲ್ಟಿನ ಎರಡು ಹೊಸ ಕಂಡೆನ್ಸರ್ ಕೂರಿಸಿದೆ. ಸಿಕ್ಕಿದ್ದೇ ಸೀರುಂಡೆ ಅಂತ 220 ಮೈಕ್ರೋಫ್ಯಾರಡ್ ಹಾಕುವವರಿದ್ದಾರೆ. ಇಝಡ್81ಕ್ಕೆ ಮೊದಲ ಕಂಡೆನ್ಸರ್ 50 ದಾಟಬಾರದು. ದಾಟಿದರೆ ಪ್ರತಿ ಸಲ ಚಾರ್ಜ್ ಆಗುವಾಗ ವಾಲ್ವಿನ ಮೇಲೆ ತಡೆಯಲಾರದ ಹೊರೆ.

ಹೊಸಬರಿಗೆ ಒಂದು ಮಾತು. ಸ್ವಿಚ್ ಆಫ್ ಮಾಡಿದ ಮೇಲೂ ಈ ಕಂಡೆನ್ಸರುಗಳಲ್ಲಿ 300 ವೋಲ್ಟು ಕಾದು ಕೂತಿರುತ್ತದೆ. ದಪ್ಪನೆಯ ರೆಸಿಸ್ಟರೊಂದಕ್ಕೆ ಮೊಸಳೆ ಕ್ಲಿಪ್ ಹಾಕಿ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿ, ಆಮೇಲೆ ಕೈ ಹಾಕಿ. ಆನ್ ಇರುವಾಗ ಅಳೆಯುವುದಾದರೆ ಎಡಗೈ ಜೇಬಿನಲ್ಲಿರಲಿ.

ಭಾನುವಾರ: ಕೆಂಪಾದ ಪ್ಲೇಟು

ಈ ಸಲ ಬಲ್ಬು ಮಂಕಾಗಿಯೇ ಉಳಿಯಿತು. ಬಲ್ಬು ತೆಗೆದು ನೇರ ಕರೆಂಟು ಕೊಟ್ಟೆ. ಸ್ಪೀಕರ್ ಕಟ್ಟದೆ ವಾಲ್ವ್ ಆಂಪ್ಲಿಫೈಯರ್ ಓಡಿಸಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಅದಕ್ಕೆ 8 ಓಮಿನ ಒಂದು ಹಳೆಯ ಸ್ಪೀಕರ್ ಸಿಕ್ಕಿಸಿದ್ದೆ. ಮೂರ್ನಾಲ್ಕು ನಿಮಿಷ ಕಳೆದಿರಬೇಕು, ಬಲಗಡೆಯ ಇಎಲ್84ರ ಪ್ಲೇಟು ಮಧ್ಯದಲ್ಲಿ ಕುಂಕುಮ ಹಚ್ಚಿದ ಹಾಗೆ ಕೆಂಪಾಗತೊಡಗಿತು. ಮತ್ತೆ ಆಫ್.

ಅದಕ್ಕೂ ಮೊದಲು ಒಂದು ಅಳತೆ ಸಿಕ್ಕಿತ್ತು. ಎರಡು ಇಎಲ್84ಗಳ ಕ್ಯಾಥೋಡು ಸೇರುವ 130 ಓಮಿನ ರೆಸಿಸ್ಟರ್ ಮೇಲೆ 13.5 ವೋಲ್ಟು. ಅಂದರೆ 104 ಮಿಲಿ ಆಂಪಿಯರ್. ಇರಬೇಕಾದದ್ದು 80ರ ಸುತ್ತ. ಹೆಚ್ಚಿನದನ್ನೆಲ್ಲ ಬಲಗಡೆಯವನೇ ಕುಡಿಯುತ್ತಿದ್ದ. ಆ ವಾಲ್ವು ತೆಗೆದು ಖಾಲಿ ಸಾಕೆಟ್ಟಿನ 2ನೇ ಕಾಲಲ್ಲಿ ಅಳೆದೆ. ಗ್ರಿಡ್ಡಿನಲ್ಲಿ ಡಿಸಿ ಸೊನ್ನೆ ಇರಬೇಕು, ಇಲ್ಲಿ 9 ವೋಲ್ಟು ಪಾಸಿಟಿವ್. ಡಿಸಿಯನ್ನು ತಡೆಯಬೇಕಾದ, ಅದರ ಹಿಂದಿನ 0.1 ಮೈಕ್ರೋಫ್ಯಾರಡಿನ ಪೇಪರ್ ಕಂಡೆನ್ಸರ್ ಸೋರುತ್ತಿತ್ತು. ಲೆಕ್ಕ ಹಾಕಿದರೆ ಅದೀಗ ಕಂಡೆನ್ಸರೇ ಅಲ್ಲ, ಹನ್ನೊಂದು ಹನ್ನೆರಡು ಮೆಗಾ ಓಮಿನ ರೆಸಿಸ್ಟರ್. ಬಿಚ್ಚಿ ಮಲ್ಟಿಮೀಟರಿನಲ್ಲಿ ನೋಡಿದರೆ ಏನೂ ತೋರಿಸಲಿಲ್ಲ. ಮೀಟರಿನ ಪುಟ್ಟ ಬ್ಯಾಟರಿಗೆ ಸೋರದ್ದು ಇನ್ನೂರು ವೋಲ್ಟಿಗೆ ಸೋರುತ್ತದೆ. ಈ ಜಾತಿಯ ಪೇಪರ್ ಕಂಡೆನ್ಸರ್ ಒಟ್ಟು ಐದಿದ್ದವು. ಒಂದನ್ನೂ ಉಳಿಸದೆ 630 ವೋಲ್ಟಿನ ಪಾಲಿಯೆಸ್ಟರ್ ಕಂಡೆನ್ಸರ್ ಹಾಕಿದೆ. ಕ್ಯಾಥೋಡು 10.2 ವೋಲ್ಟಿಗೆ ಇಳಿಯಿತು, ಕೆಂಪು ಹೋಯಿತು. ಅಷ್ಟು ಕೆಂಪಾದರೂ ಆ ವಾಲ್ವು ಸಾಯಲಿಲ್ಲ ಅನ್ನುವುದು ಜಾಲಹಳ್ಳಿಯ ಕೆಲಸಕ್ಕೆ ಸಲ್ಲಬೇಕು.

ಮೊಬೈಲಿನಿಂದ ಹಾಡು ಹಾಕಿದೆ. ಬಂತು! ಆದರೆ ಹಾಡಿನ ಹಿಂದೆ ಸಾಸಿವೆ ಸಿಡಿಯುವ ಸದ್ದು. ಚಟ್, ಚಟಪಟ, ಸುಂಯ್, ಮತ್ತೆ ಚಟ್. ಅಡಿಗೆಮನೆಯಿಂದ ಹೆಂಡತಿ ‘ಒಗ್ಗರಣೆ ನೀವೇ ಹಾಕ್ತಿದೀರಾ?’ ಅಂದಳು.

ಎರಡನೇ ವಾರ: ಡಬ್ಬಿಯೊಳಗಿನ ಮೋಸ

ನಾನೂ ರಿಪೇರಿಯವನ ದಾರಿಯನ್ನೇ ಹಿಡಿದೆ. ವಾಲ್ಯೂಮ್ ಪೂರ್ತಿ ತಗ್ಗಿಸಿದರೆ ಒಗ್ಗರಣೆ ನಿಲ್ಲುತ್ತಿತ್ತು, ಅಂದರೆ ಸದ್ದು ವಾಲ್ಯೂಮಿಗಿಂತ ಹಿಂದೆ, ಮೊದಲ ಇಸಿಸಿ83ರ ಹತ್ತಿರ ಹುಟ್ಟುತ್ತಿದೆ. ಸರಿ, ವಾಲ್ವೇ ಹೋಗಿರಬೇಕು. ಮಾವನ ಡಬ್ಬಿ ತೆಗೆದು, ಇಸಿಸಿ83ರ ಹಾಗೇ ಕಾಣುವ, ಹೆಸರಿಲ್ಲದ ಒಂದನ್ನು ಆರಿಸಿ ಮೊದಲ ಸಾಕೆಟ್ಟಿಗೆ ಹಾಕಿದೆ. ಒಗ್ಗರಣೆ ನಿಂತಿತು. ಹಾಡೂ ನಿಂತಿತು. ನೋಡಿದರೆ ವಾಲ್ವಿನಲ್ಲಿ ಬೆಳಕೇ ಇಲ್ಲ. ‘ಇದೂ ಹೋಗಿದೆ’ ಅಂದುಕೊಂಡು ಕಸದ ಬುಟ್ಟಿಯ ಕಡೆ ಕೈ ಚಾಚಿದ್ದೆ. ನೆತ್ತಿಯ ಬೆಳ್ಳಿ ಕಲೆ ಕಣ್ಣಿಗೆ ಬಿದ್ದು ತಡೆದೆ.

ಅಳಿಸಿದ ಹೆಸರನ್ನು ಓದಲು ಹಳಬರ ಉಪಾಯವೊಂದಿದೆ. ವಾಲ್ವನ್ನು ಫ್ರಿಜ್ಜಿನಲ್ಲಿ ಹತ್ತು ನಿಮಿಷ ಇಟ್ಟು ಹೊರತೆಗೆದು ಬಾಯಿಯಿಂದ ಉಸಿರು ಬಿಡುವುದು. ಮಂಜು ಹಿಡಿಯುವಾಗ ಅಕ್ಷರಗಳಿದ್ದ ಜಾಗ ಬೇರೆಯಾಗಿ ಕಾಣುತ್ತದೆ, ಎರಡು ಸೆಕೆಂಡು ಮಾತ್ರ. ಮೊಸರಿನ ಪಾತ್ರೆಯ ಪಕ್ಕದಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ‘ಹಾ’ ಅಂದೆ. ಇಸಿಸಿ8 ವರೆಗೆ ಸ್ಪಷ್ಟ, ಕೊನೆಯ ಅಂಕಿ 3 ಅಲ್ಲ, 5.

ಇಸಿಸಿ85. ಅದೂ ಎರಡು ಟ್ರಯೋಡಿನದೇ, ಎಫ್‌ಎಂ ಟ್ಯೂನರುಗಳಿಗೆಂದು ಮಾಡಿದ್ದು. ಅದರ ಹೀಟರು ಮಾತ್ರ ಬರೀ 4ರಿಂದ 5ಕ್ಕೆ, 6.3 ವೋಲ್ಟಿನದು, 9ನೇ ಕಾಲು ಎರಡು ಟ್ರಯೋಡುಗಳ ನಡುವಿನ ತಡಿಕೆಗೆ. ನಮ್ಮ ಸಾಕೆಟ್ಟಿನಲ್ಲಿ 4 ಮತ್ತು 5ನ್ನು ಒಂದೇ ವೈರಿಗೆ ಬೆಸೆದಿದೆ. ಎರಡು ಕೊನೆಗೂ ಒಂದೇ ವೋಲ್ಟೇಜು ಕೊಟ್ಟರೆ ಕರೆಂಟು ಹರಿಯುವುದೆಲ್ಲಿಂದ? ವಾಲ್ವು ಗಟ್ಟಿಮುಟ್ಟಾಗಿತ್ತು, ಹಾಕಿದ ಮನೆ ತಪ್ಪು. ರಷ್ಯಾದ 6ಎನ್2ಪಿ ಕೂಡ ಇಸಿಸಿ83ರಷ್ಟೇ ಬಲದ್ದು, ಅದರ ಕತೆಯೂ ಇದೇ. ಹಾಕುವುದಾದರೆ ಹೀಟರ್ ವೈರಿಂಗ್ ಬದಲಿಸಬೇಕು.

ಅಂದಿನಿಂದ ಹೆಸರಿಲ್ಲದ ಒಂಬತ್ತು ಕಾಲಿನ ಯಾವ ವಾಲ್ವನ್ನೂ ಅಳೆಯದೆ ಸಾಕೆಟ್ಟಿಗೆ ಹಾಕುವುದಿಲ್ಲ. ತಣ್ಣಗಿರುವ ಇಸಿಸಿ83ರಲ್ಲಿ 4ರಿಂದ 9ಕ್ಕೆ ಸುಮಾರು 6 ಓಮ್, 5ರಿಂದ 9ಕ್ಕೂ ಅಷ್ಟೇ, 4ರಿಂದ 5ಕ್ಕೆ ಅದರ ದುಪ್ಪಟ್ಟು. 9ನೇ ಕಾಲು ಯಾವುದಕ್ಕೂ ಮಾತಾಡದಿದ್ದರೆ ಅದು ಬೇರೆ ಜಾತಿ.

ಈಗ ತಲೆ ನೆಟ್ಟಗಾಯಿತು. ಇರುವ ಎರಡು ಇಸಿಸಿ83ಗಳನ್ನೇ ಅದಲುಬದಲು ಮಾಡಿದೆ. ಒಗ್ಗರಣೆ ಅಲ್ಲೇ ಇತ್ತು. ಸದ್ದು ವಾಲ್ವಿನ ಜೊತೆ ಹೋಗಲಿಲ್ಲ, ಜಾಗದಲ್ಲೇ ಉಳಿಯಿತು. ಮೊದಲ ಟ್ರಯೋಡಿನ ಗ್ರಿಡ್ಡನ್ನು ಕ್ಲಿಪ್ ಹಾಕಿ ಚಾಸಿಗೆ ಕಟ್ಟಿದರೂ ಇತ್ತು. ಅಂದಮೇಲೆ ಮೈಕಿನ ಕಡೆಯಿಂದ ಬಂದದ್ದಲ್ಲ, ಉಳಿದದ್ದು ಪ್ಲೇಟಿನ ಕಡೆ.

ಪ್ಲೇಟಿಗೆ ಕಂದು, ಕಪ್ಪು, ಹಳದಿ ಪಟ್ಟೆಯ ಕಾರ್ಬನ್ ರೆಸಿಸ್ಟರ್, 100 ಕೆ, ಅಂದರೆ ಒಂದು ಲಕ್ಷ ಓಮ್. ಈ ಜಾಗವನ್ನು ಹಿಂದಿನ ವಾರವೇ ಅಳೆದಿದ್ದೆ: ಸಪ್ಲೈ 255, ಪ್ಲೇಟು 163, ಕ್ಯಾಥೋಡು 1.05. ಪುಸ್ತಕದಲ್ಲಿರುವ ಅಂಕಿಗೆ ಹತ್ತಿರವೇ ಅಂತ ಸರಿ ಗುರುತು ಹಾಕಿ ಮುಂದೆ ಹೋಗಿದ್ದೆ. ಈಗ ಒಂದು ಕೊನೆ ಬಿಚ್ಚಿ ಅಳೆದರೆ 131 ಕೆ. ರೆಸಿಸ್ಟರ್ ಏರಿದ್ದಕ್ಕೆ ಕರೆಂಟು ಇಳಿದಿತ್ತು, ಒಂದನ್ನೊಂದು ತೂಗಿ ಪ್ಲೇಟಿನ ವೋಲ್ಟೇಜು ಮಾತ್ರ ಇದ್ದಲ್ಲೇ ಇತ್ತು. ನಾನು ನೋಡಬೇಕಾಗಿದ್ದದ್ದು ಕ್ಯಾಥೋಡನ್ನು: 1.5 ಕೆ ಮೇಲೆ 1.3 ವೋಲ್ಟು ಇರಬೇಕಾದಲ್ಲಿ 1.05. ಅಷ್ಟು ಚಿಕ್ಕ ಕೊರತೆ ಯಾರ ಕಣ್ಣಿಗೆ ಬೀಳುತ್ತದೆ!

1 ವ್ಯಾಟಿನ ಮೆಟಲ್ ಫಿಲ್ಮ್ 100 ಕೆ ಹಾಕಿದೆ. ಪ್ಲೇಟು 167, ಕ್ಯಾಥೋಡು 1.31. ಆನ್ ಮಾಡಿ ಕಾದೆ. ಒಗ್ಗರಣೆ ಇಲ್ಲ. ವಾಲ್ಯೂಮ್ ಏರಿಸಿದೆ. ಇಲ್ಲ. ತೆಗೆದ ರೆಸಿಸ್ಟರನ್ನು ಉಗುರಿನಿಂದ ಅದುಮಿದರೆ ನಡುವೆ ಕೂದಲೆಳೆಯಷ್ಟು ಬಿರುಕು ಬಾಯಿ ಬಿಟ್ಟಿತು. ಒಂದೂ ಮುಕ್ಕಾಲು ರೂಪಾಯಿಯ ಸಾಮಾನು.

ಮೂರನೇ ವಾರ: ಇಳಿದುಹೋಗುವ ದನಿ

ಗೆದ್ದೆ ಅಂದುಕೊಂಡು ಸಂಜೆ ಹಾಡು ಹಾಕಿ ಪುಸ್ತಕ ಹಿಡಿದು ಕೂತೆ. ಮುಕ್ಕಾಲು ಗಂಟೆ ಕಳೆದಿರಬೇಕು. ದನಿ ತಗ್ಗತೊಡಗಿತು. ಫಕ್ಕನೆ ನಿಲ್ಲಲಿಲ್ಲ, ಎಣ್ಣೆ ತೀರಿದ ದೀಪದ ಹಾಗೆ ಹತ್ತು ಹದಿನೈದು ಸೆಕೆಂಡಿನಲ್ಲಿ ಒರಟಾಗಿ, ಸಣ್ಣಗಾಗಿ, ಹೋಯಿತು. ಎದ್ದು ಹೋಗಿ ಚಾಸಿಯನ್ನು ಮುಟ್ಟುತ್ತಿದ್ದ ಹಾಗೆ, ಸ್ವಲ್ಪ ಹೊತ್ತಿಗೆ, ಮೆಲ್ಲಗೆ ವಾಪಸು ಬಂತು.

ಮಾವನಿಗೆ ಫೋನ್ ಮಾಡಿದೆ.

‘ಮಾವ, ಇದು ಕೊನೇ ಸಲ ಕೆಟ್ಟಾಗ ಹೇಗೆ ನಿಂತಿತು? ಒಂದೇ ಏಟಿಗಾ?’

‘ಒಂದೇ ಏಟಿಗೆ ಎಲ್ಲಪ್ಪಾ. ಮಾಲೇಕಲ್ಲು ತಿರುಪತಿ ಹತ್ರ ಒಂದೂರಲ್ಲಿ ನಾಟಕ. ದುರ್ಯೋಧನನ ಪಾರ್ಟಿನವನು ಗದೆ ಎತ್ಕೊಂಡು ಕಂದ ಪದ್ಯ ಎಳೀತಿದ್ದ. ದನಿ ಇಳೀತಾ ಇಳೀತಾ ಹೋಯ್ತು. ಜನ ಅವನ ಗಂಟಲೇ ಹೋಯ್ತು ಅಂದ್ಕೊಂಡ್ರು. ನಾನು ತಲೆ ಮೇಲೆ ಎರಡು ತಟ್ಟಿದೆ, ಮತ್ತೆ ಬಂತು.’

‘ಯಾರ ತಲೆ ಮೇಲೆ?’

‘ಆಂಪ್ಲಿಫೈಯರ್ ತಲೆ ಮೇಲೆ ಕಣೋ! ಆಮೇಲೆ ರಾತ್ರಿಯೆಲ್ಲ ತಟ್ಟಿದ್ದೇ ತಟ್ಟಿದ್ದು. ಬೆಳಗ್ಗೆ ರಿಪೇರಿಯವನ ಹತ್ರ ಹೋದೆ, ವಾಲ್ವು ಹೋಗಿದೆ ಅಂದ, ಅದರ ರೇಟು ಕೇಳಿ ಮನೆಗೆ ತಂದಿಟ್ಟೆ.’

ಮುಚ್ಚಳದ ಮೇಲಿನ ತಗ್ಗುಗಳು ಎಲ್ಲಿಂದ ಬಂದವು ಅಂತ ಆಗ ಗೊತ್ತಾಯಿತು.

‘ಇಳೀತಾ ಇಳೀತಾ’ ಅನ್ನುವುದರಲ್ಲೇ ಉತ್ತರವಿತ್ತು. ಎಲ್ಲಾದರೂ ಬೆಸುಗೆ ಬಿಟ್ಟಿದ್ದರೆ, ಗ್ರಿಡ್ಡಿನದೋ ಪ್ಲೇಟಿನದೋ ಸಂಪರ್ಕ ಕಡಿದಿದ್ದರೆ, ದನಿ ಟಪ್ ಅಂತ ಹೋಗಿ ಟಪ್ ಅಂತ ಬರುತ್ತದೆ, ಜೊತೆಗೆ ಕರಕರ ಸದ್ದು. ನಿಧಾನವಾಗಿ ಆರಿ ನಿಧಾನವಾಗಿ ಬರುವ ಸಾಮಾನು ವಾಲ್ವ್ ಸೆಟ್ಟಿನಲ್ಲಿ ಹೀಟರು. ಅದಕ್ಕೆ ಕರೆಂಟು ತಪ್ಪಿದರೂ ಕ್ಯಾಥೋಡು ತಣ್ಣಗಾಗಲು ಹೊತ್ತು ಬೇಕು.

ದೀಪ ಆರಿಸಿ, ಕಿಟಕಿಗೆ ಪರದೆ ಎಳೆದು, ಎರಡು ಇಸಿಸಿ83ರ ಎದುರು ಮೂಗು ತಾಗುವಷ್ಟು ಹತ್ತಿರ ಕೂತೆ. ಮೇಲಿನಿಂದ ನೋಡಿದರೆ ಒಂದೊಂದರಲ್ಲೂ ಎರಡು ಕಿತ್ತಳೆ ಚುಕ್ಕಿ, ಟ್ರಯೋಡಿಗೊಂದು. ನಾಲ್ಕು ಚುಕ್ಕಿಗಳನ್ನು ಕಾಯುತ್ತ ಅರ್ಧ ಗಂಟೆ ಕಳೆಯಿತು. ಸೊಳ್ಳೆ ಕಚ್ಚಿದವು. ಆಮೇಲೆ ಎರಡನೇ ವಾಲ್ವಿನ ಎಡಗಡೆಯ ಚುಕ್ಕಿ ಕೆಂಪಾಯಿತು, ಕಂದಾಯಿತು, ಕಾಣದಾಯಿತು. ಬಲಗಡೆಯದು ಹಾಗೇ ಉರಿಯುತ್ತಿತ್ತು. ಅದರ ಹಿಂದೆಯೇ ಹಾಡು ಇಳಿಯಿತು.

ಒಂದು ಕಣ್ಣು ಮಾತ್ರ ಮುಚ್ಚಿದ ವಾಲ್ವು. 9ನೇ ಕಾಲಿನ ಸಂಪರ್ಕ ತಪ್ಪಿದ್ದರೆ ಎರಡೂ ಆರಬೇಕಿತ್ತು. ಒಂದೇ ಆರಿತು ಅಂದರೆ 4 ಅಥವಾ 5. ವಾಲ್ವಿನ ಒಳಗೇ ಹೀಟರ್ ಕಡಿದಿದೆಯೇ? ವಾಲ್ವುಗಳನ್ನು ಹಿಂದಿನ ವಾರವಷ್ಟೇ ಅದಲುಬದಲು ಮಾಡಿದ್ದೆ, ಈ ಸಾಕೆಟ್ಟಿನಲ್ಲಿ ಈಗಿದ್ದದ್ದು ಮೊದಲ ಜಾಗದ ವಾಲ್ವು. ಮತ್ತೆ ಬದಲಿಸಿ ಕಾದೆ. ಇನ್ನೊಂದು ವಾಲ್ವು, ಅದೇ ಜಾಗ, ಅದೇ ಎಡಗಣ್ಣು. ತಪ್ಪು ವಾಲ್ವಿನದಲ್ಲ, ಸಾಕೆಟ್ಟಿನದು. ಮೂವತ್ತು ವರ್ಷ ಅಟ್ಟದ ಮೇಲೆ ಇದ್ದದ್ದು ಇದೇ ಕಾರಣಕ್ಕೆ.

ಈ ಎರಡನೇ ಇಸಿಸಿ83ಕ್ಕೆ ಹೆಚ್ಚು ಹೊರೆ. ಅದರ ಒಂದು ಟ್ರಯೋಡು ದನಿಯನ್ನು ಹೆಚ್ಚಿಸುತ್ತದೆ. ಇನ್ನೊಂದು ಅದೇ ದನಿಯನ್ನು ಪ್ಲೇಟಿನಿಂದ ಒಂದು, ಕ್ಯಾಥೋಡಿನಿಂದ ಒಂದು, ಎದುರುಬದುರಾಗಿ ಎರಡು ಮಾಡಿ ಎರಡು ಇಎಲ್84ಗಳಿಗೆ ಹಂಚುತ್ತದೆ. ಯಾವುದೊಂದು ಮಲಗಿದರೂ ಹಾಡಿಲ್ಲ. ಹಂಚುವ ಜಾಗದಲ್ಲಿರುವ ಎರಡು 47 ಕೆ ರೆಸಿಸ್ಟರುಗಳನ್ನೂ ಅಳೆದೆ: 49 ಮತ್ತು 56. ಎರಡಕ್ಕೂ ಒಂದೇ ಪಾಲು ಹೋಗಬೇಕಾದ್ದರಿಂದ ಎರಡನ್ನೂ ಬದಲಿಸಿದೆ.

ಸಾಕೆಟ್ಟು

ಹಳೆಯ ಬೇಕಲೈಟ್ ಸಾಕೆಟ್ಟು. ಮೊದಲು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹಲ್ಲುಸಂದಿಯ ಬ್ರಷ್ಷಿನಿಂದ ಒಂಬತ್ತೂ ತೂತು ಉಜ್ಜಿದೆ; ಬ್ರಷ್ಷು ಮಸಿ ಬಣ್ಣಕ್ಕೆ ತಿರುಗಿತು. ಆಮೇಲೆ ದಬ್ಬಳದಿಂದ 4ನೇ ತೂತಿನ ಕವಲನ್ನು ಬಿಗಿ ಮಾಡಲು ಹೋದೆ, ಹಿತ್ತಾಳೆಯ ಅರ್ಧ ಕವಲು ದಬ್ಬಳದ ಜೊತೆಗೇ ಬಂತು. ಬಹುಶಃ ಯಾವತ್ತೋ ಬಿರುಕು ಬಿಟ್ಟಿತ್ತು. ಬಿಸಿಯಾದಾಗ ಅರಳಿ ಕಾಲನ್ನು ಬಿಡುತ್ತಿತ್ತು, ತಟ್ಟಿದಾಗ ಮತ್ತೆ ಹಿಡಿಯುತ್ತಿತ್ತು.

ಶನಿವಾರ ಬೆಳಗ್ಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋದೆ. ಮೊದಲ ನಾಲ್ಕು ಅಂಗಡಿಯಲ್ಲಿ ‘ವಾಲ್ವ್ ಬೇಸ್’ ಅಂದರೆ ಹುಡುಗರು ನಲ್ಲಿ ರಿಪೇರಿಯ ಅಂಗಡಿ ಕಡೆ ಕೈ ತೋರಿಸಿದರು. ಐದನೆಯದರಲ್ಲಿ ವಯಸ್ಸಾದ ಯಜಮಾನರು ಏನೂ ಕೇಳದೆ ಮೇಲಿನ ಡ್ರಾ ಎಳೆದು ಒಂಬತ್ತು ಕಾಲಿನ ಪಿಂಗಾಣಿ ಸಾಕೆಟ್ ಟೇಬಲ್ ಮೇಲಿಟ್ಟರು. ‘ಎಷ್ಟು ಬೇಕು?’ ಎರಡು ತೆಗೆದುಕೊಂಡೆ. ಒಂದು ಹಾಳಾಗಿದ್ದರೆ ಅದರ ಜೊತೆಗಾರನ ದಿನವೂ ದೂರವಿರುವುದಿಲ್ಲ.

ಬದಲಿಸುವಾಗ ಎರಡು ವಿಷಯ ನೆನಪಿಡಬೇಕು. ಕಾಲುಗಳನ್ನು ಎಣಿಸುವುದು ಕೆಳಗಿನಿಂದ ನೋಡಿ, ದೊಡ್ಡ ಸಂದಿಯಿಂದ ಶುರು ಮಾಡಿ, ಗಡಿಯಾರದ ಮುಳ್ಳಿನ ದಿಕ್ಕಿಗೆ. ಮೇಲಿನಿಂದ ಎಣಿಸಿದರೆ ಎಲ್ಲ ತಲೆಕೆಳಗು. ಇನ್ನೊಂದು, ಬೆಸುಗೆ ಹಾಕುವಾಗ ಸಾಕೆಟ್ಟಿನಲ್ಲಿ ಒಂದು ಸತ್ತ ವಾಲ್ವು ಕೂತಿರಬೇಕು. ಇಲ್ಲದಿದ್ದರೆ ಕವಲುಗಳು ವೈರು ಎಳೆದ ಕಡೆಗೆ ವಾಲಿ, ಆಮೇಲೆ ಒಳ್ಳೆಯ ವಾಲ್ವು ತುರುಕುವಾಗ ಗಾಜಿನ ಬುಡ ಬಿರುಕು ಬಿಡುತ್ತದೆ. ಡಬ್ಬಿಯಲ್ಲಿ ನೆತ್ತಿ ಬೆಳ್ಳಗಾದ ಇಸಿಎಲ್82 ಒಂದಿತ್ತು, ಅದಕ್ಕೂ ಒಂಬತ್ತು ಕಾಲು. ಸತ್ತ ಮೇಲೂ ಒಂದು ಕೆಲಸ ಮಾಡಿಕೊಟ್ಟಿತು.

ಹೀಟರ್ ವೈರುಗಳನ್ನು ಜಡೆಯ ಹಾಗೆ ಬಿಗಿಯಾಗಿ ಹೆಣೆದು ಚಾಸಿಯ ಮೂಲೆಗೆ ಒತ್ತಿದೆ. ಮೊದಲು ಹೀಟರಿನ ಒಂದು ತುದಿ ನೇರ ಚಾಸಿಗೆ ಬೆಸೆದಿತ್ತು. ಅದನ್ನು ಬಿಚ್ಚಿ, ಎರಡೂ ತುದಿಯಿಂದ 100 ಓಮಿನ ಒಂದೊಂದು ರೆಸಿಸ್ಟರ್ ಚಾಸಿಗೆ ಕಟ್ಟಿದೆ. ಸ್ಪೀಕರಿನಲ್ಲಿ ಉಳಿದಿದ್ದ ದುಂಬಿಯ ಗುಂಯ್ ಮುಕ್ಕಾಲು ಪಾಲು ಇಳಿಯಿತು. ವಾಲ್ಯೂಮ್ ಪೂರ್ತಿ ಏರಿಸಿ ಸ್ಪೀಕರಿಗೆ ಕಿವಿ ಹಚ್ಚಿದರೆ ಇನ್ನೂ ಸ್ವಲ್ಪ ಇದೆ. ಮೈಕಿನಿಂದ ಬರುವ ಶೀಲ್ಡ್ ವೈರನ್ನು ಬದಲಿಸಿದರೆ ಹೋಗಬಹುದು, ಅದನ್ನಿನ್ನೂ ಮುಟ್ಟಿಲ್ಲ.

ಕೊನೆಯ ಅಳತೆಗಳು: ಇಝಡ್81ರಿಂದ ಹೊರಗೆ 316 ವೋಲ್ಟು, ಇಎಲ್84ರ ಕ್ಯಾಥೋಡು 10.2, ಮೊದಲ ಇಸಿಸಿ83ರ ಎರಡು ಪ್ಲೇಟು 167 ಮತ್ತು 162, ಹೀಟರು 6.3. ಐದು ವಾಲ್ವೂ ಮೊದಲಿದ್ದವೇ. ಒಂದನ್ನೂ ಕೊಂಡಿಲ್ಲ.

ಸಂಕ್ರಾಂತಿಗೆ ಮಾವ ಮಗಳ ಮನೆಗೆಂದು ಬೆಂಗಳೂರಿಗೆ ಬಂದವರು ಇಲ್ಲಿಗೂ ಬಂದರು. ಆಂಪ್ಲಿಫೈಯರ್ ಎದುರು ಸ್ಟೂಲ್ ಎಳೆದುಕೊಂಡು ಕೂತು, ಮೈಕ್ ಕೈಗೆ ತೆಗೆದುಕೊಂಡು ಗಂಟಲು ಸರಿಮಾಡಿಕೊಂಡು ‘ಹಲೋ, ಹಲೋ, ಮೈಕ್ ಟೆಸ್ಟಿಂಗ್, ಒಂದು ಎರಡು ಮೂರು’ ಅಂದರು. ಮೇಲಿನ ಮನೆಯವರು ಬಾಲ್ಕನಿಯಿಂದ ಬಗ್ಗಿ ನೋಡಿದರು. ದನಿ ಗಟ್ಟಿಯಾಗಿ, ತೇವವಾಗಿ, ಎಲ್ಲೂ ಇಳಿಯದೆ ಬರುತ್ತಿತ್ತು. ಒಂದು ಗಂಟೆಯಾದರೂ ಬರುತ್ತಿತ್ತು. ಆದರೂ ಎದ್ದು ಹೊರಡುವಾಗ ಮಾವ ಕೈ ಚಾಚಿ ಮುಚ್ಚಳದ ಮೇಲೆ ಅದೇ ತಗ್ಗಿಗೆ ಎರಡು ಸಲ ತಟ್ಟಿದರು.

ಸ್ಪೀಕರಿನಲ್ಲಿ ‘ಟಿಂಗ್’ ಅಂತು.

ಮೊದಲ ಜಾಗದ ವಾಲ್ವು ತಟ್ಟಿದ್ದಕ್ಕೆ ದನಿ ಕೊಡುತ್ತಿದೆ. ಒಳಗಿನ ಗ್ರಿಡ್ಡು ಸ್ವಲ್ಪ ಸಡಿಲ. ಅವರು ಹೋದ ಮೇಲೆ ಎರಡು ಇಸಿಸಿ83ಗಳನ್ನು ಮತ್ತೊಮ್ಮೆ ಅದಲುಬದಲು ಮಾಡಿ, ಮುಚ್ಚಳಕ್ಕೆ ಪೆನ್ಸಿಲಿನಿಂದ ತಟ್ಟಿ ನೋಡಿದೆ. ಈಗ ಸದ್ದಿಲ್ಲ.